ವಾರಗಟ್ಟಲೆಯ ಪ್ರವಾಸಕ್ಕೆ ಒಂದೇ ಕ್ಯಾಬಿನ್ ಬ್ಯಾಗ್: ಯಾವ ಬೆನ್ನುಚೀಲ ಯಾರಿಗೆ?

ಮೂರು ನಾಲ್ಕು ವಾರಗಳ ಪ್ರವಾಸಕ್ಕೆ ಬೆನ್ನುಚೀಲ ಹುಡುಕುವವರು ಮೊದಲು ಕೇಳುವುದು ಲೀಟರಿನ ಪ್ರಶ್ನೆಯನ್ನು. 30 ಲೀಟರ್ ಸಾಕಾಗುತ್ತದೆಯೇ, 40 ಬೇಕಾದೀತೇ, 45 ಲೀಟರಿನದನ್ನು ವಿಮಾನದ ಒಳಗೆ ಒಯ್ಯಲು ಬಿಡುತ್ತಾರೆಯೇ? ದಿನ ಹೆಚ್ಚಿದಂತೆ ಬಟ್ಟೆ ಹೆಚ್ಚಬೇಕು, ಬಟ್ಟೆ ಹೆಚ್ಚಿದಂತೆ ಚೀಲವೂ ದೊಡ್ಡದಾಗಬೇಕು ಎಂಬ ಲೆಕ್ಕ ಈ ಪ್ರಶ್ನೆಯ ಹಿಂದಿದೆ. ಮೊದಲ ವಾರದ ಮಟ್ಟಿಗೆ ಆ ಲೆಕ್ಕ ಸರಿ. ಎರಡನೆಯ ವಾರಕ್ಕೆ ಅದು ಅನ್ವಯಿಸುವುದಿಲ್ಲ. ಆರೇಳು ದಿನಕ್ಕೊಮ್ಮೆ ಬಟ್ಟೆ ಒಗೆದುಕೊಳ್ಳಲು ಒಪ್ಪಿದವರಿಗೆ ಎಂಟು ದಿನದ ಪ್ರವಾಸಕ್ಕೂ ಐದು ವಾರದ ಪ್ರವಾಸಕ್ಕೂ ಬೇಕಾಗುವ ಬಟ್ಟೆ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಾಗುವುದು ಔಷಧಿ, ಒಂದಿಷ್ಟು ಸಾಬೂನು, ದಾರಿಯಲ್ಲಿ ಹವೆ ಬದಲಾಗುವುದಿದ್ದರೆ ಬೆಚ್ಚಗಿನ ಒಂದು ಉಡುಪು, ಇಷ್ಟೇ.

ಪ್ರವಾಸ ದೀರ್ಘವಾದಾಗ ನಿಜವಾಗಿ ಬದಲಾಗುವುದು ಬೇರೆ ಸಂಗತಿಗಳು: ಚೀಲವನ್ನು ಎಷ್ಟು ಸಲ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ, ಎಷ್ಟು ವಿಮಾನ ಕಂಪನಿಗಳ ನಿಯಮಕ್ಕೆ ಅದು ಒಗ್ಗಬೇಕಾಗುತ್ತದೆ, ಒಟ್ಟು ಎಷ್ಟು ಹೊತ್ತು ಅದು ಬೆನ್ನ ಮೇಲಿರುತ್ತದೆ ಎಂಬುವು. ಆದ್ದರಿಂದ ವಾರಗಳ ಎಣಿಕೆಯನ್ನು ಬದಿಗಿಟ್ಟು, ಚೀಲದ ಹೊರ ಅಳತೆ, ಅದರ ಖಾಲಿ ತೂಕ, ಅದನ್ನು ಹೊರುವ ದೂರ ಎಂಬ ಮೂರು ಸಂಗತಿಗಳಿಂದ ಹೋಲಿಕೆಯನ್ನು ಆರಂಭಿಸುವುದು ಉತ್ತಮ. ಉಳಿದೆಲ್ಲವೂ, ಜೇಬುಗಳ ಸಂಖ್ಯೆಯಿಂದ ಹಿಡಿದು ಬಣ್ಣದವರೆಗೆ, ಇವುಗಳ ನಂತರ ಬರತಕ್ಕವು.

ಅಳತೆ ಮತ್ತು ತೂಕ

ವಿಮಾನ ಕಂಪನಿಗಳು ಲೀಟರನ್ನು ನೋಡುವುದಿಲ್ಲ. ಉದ್ದ, ಅಗಲ, ದಪ್ಪ ಮತ್ತು ತೂಕವನ್ನು ನೋಡುತ್ತವೆ. 55 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪದ ಪೆಟ್ಟಿಗೆಯೊಂದನ್ನು ಗುಣಿಸಿ ನೋಡಿದರೆ 44 ಲೀಟರ್ ಬರುತ್ತದೆ. ಆದರೆ ಬೆನ್ನುಚೀಲ ಪೆಟ್ಟಿಗೆಯಲ್ಲ. ಅದರ ಮೂಲೆಗಳು ದುಂಡಗಿರುತ್ತವೆ, ಬೆನ್ನಿನ ಮೆತ್ತೆ ಒಂದೆರಡು ಸೆಂಟಿಮೀಟರನ್ನು ನುಂಗುತ್ತದೆ, ಸೊಂಟಪಟ್ಟಿ ಹೊರಗೆ ಚಾಚಿಕೊಂಡಿರುತ್ತದೆ. ಹೀಗಾಗಿ ಆ ಅಳತೆಯೊಳಗೆ ಪ್ರಾಮಾಣಿಕವಾಗಿ ಕೂರುವ ಚೀಲದ ಒಳಜಾಗ 35ರಿಂದ 40 ಲೀಟರಿನ ನಡುವೆ ಇರುತ್ತದೆ. 45 ಲೀಟರ್ ಎಂದು ಬರೆದುಕೊಂಡ ಚೀಲಗಳಲ್ಲಿ ಹಲವು ಪೂರ್ತಿ ತುಂಬಿದಾಗ ಮುಂಭಾಗ ಉಬ್ಬಿ ಈ ಮಿತಿಯನ್ನು ದಾಟುತ್ತವೆ. ತಯಾರಕರು ಕೊಡುವ ಅಳತೆ ಸಾಮಾನ್ಯವಾಗಿ ಉಬ್ಬದ ಚೀಲದ್ದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ನಿಯಮಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಅಮೆರಿಕದ ದೊಡ್ಡ ಕಂಪನಿಗಳಾದ ಅಮೆರಿಕನ್, ಡೆಲ್ಟಾ, ಯುನೈಟೆಡ್‌ಗಳು 22×14×9 ಇಂಚು, ಅಂದರೆ ಸುಮಾರು 56×36×23 ಸೆಂ.ಮೀ. ಎನ್ನುತ್ತವೆ, ತೂಕದ ಮಿತಿಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಯುರೋಪಿನ ಅಗ್ಗದ ವಿಮಾನಗಳಿಗೆ ಅಳತೆಯೇ ಎಲ್ಲ: ರಯನ್‌ಏರ್ ಹೆಚ್ಚುವರಿ ಹಣ ಕೊಟ್ಟವರಿಗೆ 55×40×20 ಸೆಂ.ಮೀ. ಮತ್ತು 10 ಕಿಲೋವರೆಗೆ ಬಿಡುತ್ತದೆ, ಈಸಿಜೆಟ್ ಉಚಿತವಾಗಿ ಬಿಡುವುದು ಸೀಟಿನ ಅಡಿ ಸೇರುವ 45×36×20 ಸೆಂ.ಮೀ. ಚೀಲವನ್ನು ಮಾತ್ರ. ಏಷ್ಯಾದ ಬಹಳಷ್ಟು ಕಂಪನಿಗಳಲ್ಲಿ ಕಟ್ಟುನಿಟ್ಟು ಇರುವುದು ತೂಕದ ಮೇಲೆ. ಸಿಂಗಪುರ್ ಏರ್‌ಲೈನ್ಸ್‌ನ ಎಕಾನಮಿ ದರ್ಜೆಗೂ ಏರ್‌ಏಷ್ಯಾಗೂ ಮಿತಿ 7 ಕಿಲೋ, ಲುಫ್ತಾನ್ಸಾದಂತಹ ಯುರೋಪಿನ ಪೂರ್ಣಸೇವೆಯ ಕಂಪನಿಯಲ್ಲಿಯೂ ಅದು 8 ಕಿಲೋ. ಬ್ರಿಟಿಷ್ ಏರ್‌ವೇಸ್ ಮಾತ್ರ 23 ಕಿಲೋವರೆಗೆ ಒಪ್ಪುವ ಔದಾರ್ಯ ತೋರುತ್ತದೆ. ಅಷ್ಟು ಭಾರವನ್ನು ತಲೆಯ ಮೇಲಿನ ಕಪಾಟಿಗೆ ಎತ್ತಿಡಬಲ್ಲವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ಟಿನ ದರ್ಜೆಗೆ ತಕ್ಕಂತೆಯೂ ಬೇರೆಯಾಗುತ್ತವೆ. ಒಂದೇ ಪ್ರವಾಸದಲ್ಲಿ ಮೂರು ನಾಲ್ಕು ಕಂಪನಿಗಳ ವಿಮಾನ ಹತ್ತುವವರು ಅವುಗಳಲ್ಲಿ ಅತ್ಯಂತ ಬಿಗಿಯಾದ ನಿಯಮವನ್ನೇ ತಮ್ಮ ಅಳತೆಗೋಲಾಗಿ ಹಿಡಿಯಬೇಕು.

7 ಕಿಲೋ ಮಿತಿ ಇದ್ದಾಗ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಚೀಲದ ಆಯ್ಕೆ ತಪ್ಪುವುದು ಬಹುಪಾಲು ಇಲ್ಲಿಯೇ. ಖಾಲಿ ಚೀಲವೇ 2 ಕಿಲೋ ಇದ್ದರೆ ಉಳಿಯುವುದು 5. ಲ್ಯಾಪ್‌ಟಾಪಿಗೆ 1.3, ಅದರ ಚಾರ್ಜರಿಗೆ 0.3, ಪವರ್ ಬ್ಯಾಂಕಿಗೆ 0.35, ಸ್ನಾನದ ಸಾಮಾನು ಮತ್ತು ಔಷಧಿಗೆ 0.7, ಇನ್ನೊಂದು ಜೊತೆ ಪಾದರಕ್ಷೆಗೆ 0.7 ಎಂದು ಕಳೆದರೆ ಬಟ್ಟೆಗೆಂದು ಉಳಿಯುವುದು 1.65 ಕಿಲೋ. ಒಂದು ಜೀನ್ಸ್ ಪ್ಯಾಂಟೇ ಅರ್ಧ ಕಿಲೋ ಮೀರುತ್ತದೆ. ಅದೇ ಲೆಕ್ಕದಲ್ಲಿ ಚೀಲ 1 ಕಿಲೋ ಇದ್ದಿದ್ದರೆ ಬಟ್ಟೆಗೆ 2.65 ಕಿಲೋ ಸಿಗುತ್ತಿತ್ತು. ಅಂಗಡಿಯಲ್ಲಿ ಕೈಗೆ ತಿಳಿಯದಷ್ಟು ಸಣ್ಣದೆನಿಸುವ ಒಂದು ಕಿಲೋದ ಅಂತರ, ಒಯ್ಯಬಹುದಾದ ಬಟ್ಟೆಯನ್ನು ಒಂದೂವರೆ ಪಟ್ಟಿಗಿಂತ ಹೆಚ್ಚು ಮಾಡುತ್ತದೆ. ಇಂಥ ಮಿತಿಯಲ್ಲಿ 45 ಲೀಟರಿನ ಚೀಲಕ್ಕೆ ಅರ್ಥವೇ ಇಲ್ಲ. ಜಾಗ ತುಂಬುವ ಮೊದಲೇ ತೂಕ ಮುಗಿದಿರುತ್ತದೆ. ಬಟ್ಟೆಯನ್ನು ವಿಂಗಡಿಸಿ ತುಂಬುವ, ಒತ್ತಿ ಕುಗ್ಗಿಸುವ ಸಣ್ಣ ಜಿಪ್ ಚೀಲಗಳಾದ ಪ್ಯಾಕಿಂಗ್ ಕ್ಯೂಬ್‌ಗಳೂ ಇಲ್ಲಿ ನೆರವಿಗೆ ಬಾರವು. ಅವು ಬಟ್ಟೆಯ ಗಾತ್ರವನ್ನು ಇಳಿಸುತ್ತವೆ, ತೂಕಕ್ಕೆ ತಮ್ಮದನ್ನೂ ಸೇರಿಸುತ್ತವೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ: ವಿಮಾನ ತುಂಬಿದಾಗ ಗೇಟಿನಲ್ಲಿಯೇ ಕ್ಯಾಬಿನ್ ಬ್ಯಾಗುಗಳನ್ನು ಪಡೆದು ಕೆಳಗಿನ ಸರಕುಕೋಣೆಗೆ ಹಾಕುವುದುಂಟು. ಪವರ್ ಬ್ಯಾಂಕನ್ನು ಸರಕುಕೋಣೆಗೆ ಹಾಕುವಂತಿಲ್ಲ. ಅದು ಪ್ರಯಾಣಿಕರೊಂದಿಗೇ ಇರಬೇಕು, ಅದು ಹಿಡಿಯುವ ವಿದ್ಯುತ್ತು 100 ವ್ಯಾಟ್-ಅವರ್ ಮೀರಿದ್ದರೆ ಕಂಪನಿಯ ಅನುಮತಿ ಬೇಕು. 20,000 ಮಿಲಿಆಂಪ್-ಅವರ್‌ನ ಪವರ್ ಬ್ಯಾಂಕ್ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್ ಆಗುವುದರಿಂದ ಮಿತಿಯೊಳಗೆ ಇದೆ. ಆದರೆ ಅದನ್ನು ಚೀಲದ ತಳದಲ್ಲಿ ಬಟ್ಟೆಗಳ ಕೆಳಗೆ ಹೂತಿಟ್ಟರೆ, ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗ ಇಡೀ ಚೀಲವನ್ನು ನೆಲದ ಮೇಲೆ ಬಿಚ್ಚಬೇಕಾಗುತ್ತದೆ. ಮೇಲ್ಭಾಗದಲ್ಲಿ ತಟ್ಟನೆ ಕೈ ಹಾಕಬಹುದಾದ ಒಂದು ಜೇಬು ಇದೆಯೇ ಎಂದು ನೋಡಬೇಕೆನ್ನುವುದು ಇದಕ್ಕಾಗಿ.

ಬೆನ್ನಿಗೆ ಒಗ್ಗುವ ಬಗೆ

ವಿಮಾನ ನಿಲ್ದಾಣದಿಂದ ಟ್ಯಾಕ್ಸಿ, ಟ್ಯಾಕ್ಸಿಯಿಂದ ಹೋಟೆಲಿನ ಲಿಫ್ಟ್ ಎಂದು ಓಡಾಡುವವರಿಗೆ ಯಾವ ಭುಜಪಟ್ಟಿಯಾದರೂ ನಡೆಯುತ್ತದೆ. ರೈಲು, ಬಸ್ಸು, ಹಡಗುಗಳ ನಡುವೆ ನಡೆಯುತ್ತ, ಲಿಫ್ಟ್ ಇಲ್ಲದ ಮಹಡಿಗಳನ್ನು ಹತ್ತುತ್ತ ವಾರಗಳನ್ನು ಕಳೆಯುವವರ ವಿಷಯ ಬೇರೆ. ಅವರಿಗೆ ಸೊಂಟಪಟ್ಟಿಯೇ ಮುಖ್ಯ ಅಂಗ. ಮೆತ್ತೆಯಿರುವ, ಸೊಂಟದ ಎಲುಬಿನ ಮೇಲೆ ಕೂರುವ ಪಟ್ಟಿ ಭಾರದ ದೊಡ್ಡ ಪಾಲನ್ನು ಭುಜದಿಂದ ಇಳಿಸಿ ಕಾಲುಗಳಿಗೆ ಸಾಗಿಸುತ್ತದೆ. ಕೇವಲ ಒಂದು ಇಂಚಿನ ನೇಯ್ದ ಪಟ್ಟಿಯನ್ನು ಸೊಂಟಕ್ಕೆ ಕೊಟ್ಟಿರುವ ಚೀಲಗಳು ಅಲುಗಾಟವನ್ನು ತಡೆಯುತ್ತವೆಯೇ ಹೊರತು ಭಾರವನ್ನು ಹೊರುವುದಿಲ್ಲ. ಸೊಂಟಪಟ್ಟಿ ಭಾರ ಹೊರಬೇಕಾದರೆ ಚೀಲದ ಬೆನ್ನಿನಲ್ಲಿ ಸರಿಗೆಯದೋ ಗಟ್ಟಿ ಹಾಳೆಯದೋ ಚೌಕಟ್ಟು ಇರಬೇಕು. ಚೌಕಟ್ಟಿಲ್ಲದ ಮೆತ್ತನೆಯ ಚೀಲ ಬಿಗಿದ ಕೂಡಲೇ ನಡುವಿನಲ್ಲಿ ಕುಸಿಯುತ್ತದೆ.

ಎತ್ತರದ ವ್ಯಕ್ತಿಗೆ ದೊಡ್ಡ ಚೀಲ ಎಂಬ ಅಂದಾಜು ಸರಿಯಲ್ಲ. ನೋಡಬೇಕಾದ್ದು ಬೆನ್ನಿನ ಉದ್ದವನ್ನು: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಎಲುಬಿನ ಮೇಲ್ತುದಿಗಳನ್ನು ಸೇರಿಸುವ ರೇಖೆಯವರೆಗಿನ ಅಂತರ. ಬಟ್ಟೆ ಅಳೆಯುವ ಟೇಪಿನಿಂದ ಇನ್ನೊಬ್ಬರ ಸಹಾಯದಲ್ಲಿ ಎರಡು ನಿಮಿಷದಲ್ಲಿ ಅಳೆಯಬಹುದು. ಬೆನ್ನು ಚಿಕ್ಕದಿದ್ದವರಿಗೆ 55 ಸೆಂ.ಮೀ. ಉದ್ದದ ಚೀಲದ ಸೊಂಟಪಟ್ಟಿ ಎಲುಬಿಗಿಂತ ಕೆಳಗೆ ಬಂದು ತೊಡೆಗೆ ತಾಗಬಹುದು. ಆಗ ಎಷ್ಟೇ ಬೆಲೆಯ ಚೀಲವೂ ಭುಜದ ಮೇಲೇ ನೇತಾಡುತ್ತದೆ. ಹೆಂಗಸರ ಮೈಕಟ್ಟಿಗೆಂದು ಬೇರೆಯಾಗಿ ರೂಪಿಸಿದ ಚೀಲಗಳಲ್ಲಿ ಭುಜಪಟ್ಟಿಗಳ ಬಾಗು ಮತ್ತು ಸೊಂಟಪಟ್ಟಿಯ ಕೋನ ಬೇರೆ ಇರುತ್ತವೆ. ಹೆಸರಿಗೆ ಗಂಡಸರದ್ದಾದರೂ ಹೆಂಗಸರದ್ದಾದರೂ ಯಾವುದು ಮೈಗೆ ಒಗ್ಗುತ್ತದೆಯೋ ಅದನ್ನು ಕೊಳ್ಳಬೇಕು.

ಲ್ಯಾಪ್‌ಟಾಪಿನ ಜಾಗವೂ ಇದೇ ವಿಚಾರಕ್ಕೆ ಸೇರಿದ್ದು. ಭಾರವಾದ ವಸ್ತು ಬೆನ್ನಿಗೆ ಅಂಟಿಕೊಂಡಿದ್ದಷ್ಟೂ ಚೀಲ ಹಿಂದಕ್ಕೆ ಎಳೆಯುವುದು ಕಡಿಮೆ. ಮುಂಭಾಗದ ಜೇಬಿನಲ್ಲಿ ಲ್ಯಾಪ್‌ಟಾಪ್ ಇಡುವ ವಿನ್ಯಾಸ ತಪಾಸಣೆಯಲ್ಲಿ ಅನುಕೂಲವೆನಿಸಿದರೂ ಎರಡು ಕಿಲೋಮೀಟರ್ ನಡೆದ ಮೇಲೆ ಭುಜಕ್ಕೆ ತಿಳಿಯುತ್ತದೆ.

ತೆರೆಯುವ ರೀತಿ, ಬಟ್ಟೆ, ಜಿಪ್

ಸೂಟ್‌ಕೇಸಿನಂತೆ ಮೂರು ಬದಿ ಬಿಚ್ಚಿಕೊಳ್ಳುವ ಚೀಲದಲ್ಲಿ ಎಲ್ಲವೂ ಒಮ್ಮೆಗೇ ಕಾಣುತ್ತದೆ. ದಿನ ಬಿಟ್ಟು ದಿನ ಊರು ಬದಲಿಸುವವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಆದರೆ ಅದನ್ನು ಬಿಚ್ಚಲು ಹಾಸಿಗೆಯಷ್ಟು ಜಾಗ ಬೇಕು, ಕಿಕ್ಕಿರಿದ ಡಾರ್ಮಿಟರಿಯಲ್ಲಿ ಅದು ಸಿಗುವುದು ಕಷ್ಟ. ಅಲ್ಲದೆ ಅರೆ ತುಂಬಿದ ಚೀಲವನ್ನು ನೆಟ್ಟಗೆ ನಿಲ್ಲಿಸಿದಾಗ ಸಾಮಾನೆಲ್ಲ ತಳಕ್ಕೆ ಜಾರುತ್ತದೆ. ಒಳಗೆ ಕ್ಯೂಬ್‌ಗಳೂ ಹೊರಗೆ ಬಿಗಿಯುವ ಪಟ್ಟಿಗಳೂ ಬೇಕಾಗುತ್ತವೆ. ಮೇಲಿನಿಂದ ಮಾತ್ರ ತೆರೆಯುವ ಟ್ರೆಕ್ಕಿಂಗ್ ಚೀಲ ತೂಕದಲ್ಲಿ ಹಗುರ, ಜಿಪ್ ಕಡಿಮೆಯಾದ್ದರಿಂದ ಕೆಡುವುದೂ ಕಡಿಮೆ, ಆದರೆ ತಳದಲ್ಲಿರುವ ಕಾಲುಚೀಲಕ್ಕಾಗಿ ಮೇಲಿನದನ್ನೆಲ್ಲ ತೆಗೆಯಬೇಕು.

ಬಟ್ಟೆಯ ಬಗ್ಗೆ ಜಾಹೀರಾತುಗಳು ಡೆನಿಯರ್ ಎಂಬ ಅಂಕಿಯನ್ನು ಮುಂದೊಡ್ಡುತ್ತವೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್. ಅಂಕಿ ದೊಡ್ಡದಾದಷ್ಟು ನೂಲು ದಪ್ಪ, ಬಟ್ಟೆ ಭಾರ. 1680 ಡೆನಿಯರಿನ ಬ್ಯಾಲಿಸ್ಟಿಕ್ ನೈಲಾನ್ ಬಹುಕಾಲ ಬಾಳುತ್ತದೆ, ಆದರೆ ವಿಮಾನದೊಳಗೇ ಇರುವ, ಬಂಡೆಗೆ ಉಜ್ಜದ ಚೀಲಕ್ಕೆ ಅಷ್ಟು ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. 200ರಿಂದ 400 ಡೆನಿಯರಿನ ನೈಲಾನ್, ತಳದಲ್ಲಿ ಮಾತ್ರ ಇನ್ನಷ್ಟು ದಪ್ಪ, ಇಷ್ಟಿದ್ದರೆ ಸಾಮಾನ್ಯ ಪ್ರವಾಸಿಗೆ ಸಾಕೆಂದು ನನ್ನ ಅಭಿಪ್ರಾಯ. ಚೀಲಗಳು ಕೈಕೊಡುವುದು ಹೆಚ್ಚಾಗಿ ಬಟ್ಟೆಯ ನಡುವಿನಲ್ಲಲ್ಲ, ಜಿಪ್ಪಿನಲ್ಲಿ ಮತ್ತು ಭುಜಪಟ್ಟಿಯ ಹೊಲಿಗೆಯಲ್ಲಿ. ಮುಖ್ಯ ಜಿಪ್ 8 ಅಥವಾ 10ನೆಯ ಸಂಖ್ಯೆಯದಾಗಿದ್ದರೆ ಒಳ್ಳೆಯದು (ಅಂಕಿ ದೊಡ್ಡದಾದಷ್ಟು ಜಿಪ್ಪಿನ ಹಲ್ಲುಗಳು ದಪ್ಪ). ಎಳೆಯುವ ತುಂಡಿನ ಹಿಂಬದಿಯಲ್ಲಿ ಈ ಅಂಕಿ ಹಲವು ಬಾರಿ ಅಚ್ಚಾಗಿರುತ್ತದೆ. ಮಳೆಯ ವಿಷಯದಲ್ಲಿ, ನೀರು ಹೀರದ ಬಟ್ಟೆಯ ಚೀಲವೂ ಹೊಲಿಗೆಗಳಿಂದ ಒಸರಬಹುದಾದ್ದರಿಂದ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಕಿ ಅದರೊಳಗೆ ಬಟ್ಟೆ ತುಂಬುವುದು ಎಲ್ಲ ತಂತ್ರಗಳಿಗಿಂತ ಅಗ್ಗ ಮತ್ತು ಖಚಿತ.

ಈಗ ಆಯ್ಕೆಗಳು

ಮೊದಲ ಗುಂಪು, ಟ್ರೆಕ್ಕಿಂಗ್ ಚೀಲದ ಬೆನ್ನು ಮತ್ತು ಸೂಟ್‌ಕೇಸಿನ ಬಾಯಿ ಎರಡನ್ನೂ ಕೂಡಿಸಿದ ಪ್ರವಾಸಿ ಚೀಲಗಳದ್ದು. ಆಸ್ಪ್ರೇ ಕಂಪನಿಯ ಫಾರ್‌ಪಾಯಿಂಟ್ 40 ಮತ್ತು ಹೆಂಗಸರಿಗೆಂದು ರೂಪಿಸಿದ ಫೇರ್‌ವ್ಯೂ 40 ಇದರ ಪರಿಚಿತ ಮಾದರಿಗಳು. ತೂಕ ಒಂದೂವರೆ ಕಿಲೋ ಆಸುಪಾಸು, ಒಳಗೆ ಚೌಕಟ್ಟು, ಮೆತ್ತೆಯ ಸೊಂಟಪಟ್ಟಿ, ಬೇಡವಾದಾಗ ಇಡೀ ಪಟ್ಟಿಗಳನ್ನು ಮುಚ್ಚಿಡುವ ಜಿಪ್ಪಿನ ಹೊದಿಕೆ. ಈ ಕೊನೆಯದು ಅಲಂಕಾರವಲ್ಲ. ಚೀಲವನ್ನು ಗೇಟಿನಲ್ಲಿ ಪಡೆದು ಸರಕುಕೋಣೆಗೆ ಕಳಿಸಿದಾಗ, ಬಸ್ಸಿನ ಹೊಟ್ಟೆಯೊಳಗೆ ತುರುಕಿದಾಗ, ನೇತಾಡುವ ಪಟ್ಟಿಯೇ ಮೊದಲು ಸಿಕ್ಕಿಕೊಂಡು ಹರಿಯುವುದು. ಇಂಥ ಚೀಲ ನಡೆಯುವವರಿಗೆ ಒಪ್ಪುತ್ತದೆ, ಅಮೆರಿಕದ ಮತ್ತು ಬಹುಪಾಲು ಪೂರ್ಣಸೇವೆಯ ಕಂಪನಿಗಳ ಅಳತೆಗೂ ಹೆಚ್ಚುಕಡಿಮೆ ಒಗ್ಗುತ್ತದೆ. ದಪ್ಪ 20 ಸೆಂ.ಮೀ. ಎಂದು ಪಟ್ಟು ಹಿಡಿಯುವ ಕಡೆ, ತುಂಬಾ ತುರುಕಿದ್ದರೆ, ತಕರಾರು ಬರಬಹುದು. ಒಳಗೆ ವಿಂಗಡಣೆ ಕಡಿಮೆ. ಕೇಬಲ್ಲು, ಪೆನ್ನು, ಹಾರ್ಡ್‌ಡಿಸ್ಕುಗಳನ್ನು ಬೇರೆ ಬೇರೆ ಜೇಬಿನಲ್ಲಿ ಇಡಬೇಕೆನ್ನುವವರಿಗೆ ಇದು ಬರಿದೆನಿಸುತ್ತದೆ. ಯಾವ ಬಗೆಯ ಪ್ರವಾಸ ಎಂಬುದು ಇನ್ನೂ ನಿಶ್ಚಯವಾಗದವರಿಗೆ ನಾನು ಮೊದಲು ತೋರಿಸುವುದು ಈ ಗುಂಪನ್ನೇ, ಏಕೆಂದರೆ ಯಾವ ಒಂದು ಮಾನದಂಡದಲ್ಲೂ ಇದು ಅತ್ಯುತ್ತಮವಲ್ಲದಿದ್ದರೂ ಯಾವುದರಲ್ಲೂ ಪೂರ್ತಿ ಸೋಲುವುದಿಲ್ಲ.

ಎರಡನೆಯ ಗುಂಪಿನಲ್ಲಿ ಪೀಕ್ ಡಿಸೈನ್ ಕಂಪನಿಯ 45 ಲೀಟರಿನ ಟ್ರಾವೆಲ್ ಬ್ಯಾಕ್‌ಪ್ಯಾಕ್, ಏರ್ (Aer) ಎಂಬ ಚೀಲ ತಯಾರಕರ 35 ಲೀಟರಿನ ಟ್ರಾವೆಲ್ ಪ್ಯಾಕ್ 3 ಮುಂತಾದವು ಬರುತ್ತವೆ. ಗಟ್ಟಿ ಬಟ್ಟೆ, ನೀಟಾದ ಆಕಾರ, ಪ್ರತಿ ವಸ್ತುವಿಗೂ ಒಂದು ಜೇಬು, ಸಭೆಗೆ ಒಯ್ದರೂ ಅಡ್ಡಿಯಿಲ್ಲದ ರೂಪ. ಪೀಕ್ ಡಿಸೈನಿನ ಚೀಲವನ್ನು 35 ಲೀಟರಿಗೆ ಕುಗ್ಗಿಸಬಹುದು, ಮತ್ತೆ 45ಕ್ಕೆ ಹಿಗ್ಗಿಸಬಹುದು. ಕ್ಯಾಮೆರಾ ಸಾಮಗ್ರಿ ಹೊರುವವರಿಗೆ ಬದಿಯಿಂದ ತೆರೆಯುವ ಬಾಗಿಲೂ ಇದೆ. ಇಷ್ಟಕ್ಕೆಲ್ಲ ತೆರಬೇಕಾದ್ದು ತೂಕ: ಅದರದು 2 ಕಿಲೋ ದಾಟುತ್ತದೆ, ಏರ್‌ನದು ಅದಕ್ಕೆ ಸ್ವಲ್ಪವೇ ಕಡಿಮೆ. 7 ಕಿಲೋ ಮಿತಿಯ ವಿಮಾನ ಒಂದೇ ಒಂದು ಟಿಕೆಟ್ಟಿನಲ್ಲಿದ್ದರೂ ಈ ಗುಂಪನ್ನು ಕೈಬಿಡುವುದು ಲೇಸು. ಏರ್‌ನ ಈ ಚೀಲಕ್ಕೆ ಸೊಂಟಪಟ್ಟಿಯನ್ನು ಬೇರೆಯಾಗಿ ಕೊಳ್ಳಬೇಕು ಎಂಬುದೂ, ಯಾರನ್ನು ಮನಸ್ಸಿನಲ್ಲಿಟ್ಟು ಅದನ್ನು ರೂಪಿಸಿದ್ದಾರೆ ಎಂಬುದನ್ನು ಹೇಳುತ್ತದೆ: ನಗರದಿಂದ ನಗರಕ್ಕೆ ಹೋಗಿ, ವಾರವೊಂದನ್ನು ಒಂದೇ ಕಡೆ ಕಳೆದು, ಲ್ಯಾಪ್‌ಟಾಪಿನ ಮುಂದೆ ಕೆಲಸ ಮಾಡುವವರು. ಅಂಥವರಿಗೆ ಇದಕ್ಕಿಂತ ಅನುಕೂಲವಾದದ್ದು ಸಿಗುವುದು ಕಷ್ಟ. ಉಳಿದವರು ಜೇಬುಗಳ ಮೋಹಕ್ಕೆ ಬಿದ್ದು ಕೊಂಡರೆ, ಆ ಜೇಬುಗಳಲ್ಲಿ ಅರ್ಧ ಖಾಲಿಯಾಗಿಯೇ ಊರು ಸುತ್ತಿ ಬರುತ್ತವೆ.

ಇವೆರಡರ ನಡುವೆ ನಿಲ್ಲುವ ಚೀಲಗಳೂ ಇವೆ. ಕೋಟೊಪಾಕ್ಸಿಯ ಆಲ್ಪಾ 35ರಲ್ಲಿ ಜಾಲರಿ ಬಟ್ಟೆಯ ಅರೆಗಳು ಒಳಗೇ ಹೊಲಿದಿರುವುದರಿಂದ ಕ್ಯೂಬ್‌ಗಳನ್ನು ಪ್ರತ್ಯೇಕವಾಗಿ ಕೊಳ್ಳುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ತೂಕ ಒಂದೂವರೆ ಕಿಲೋಗಿಂತ ತುಸು ಹೆಚ್ಚು. ಪ್ಯಾಟಗೋನಿಯಾದ ಬ್ಲಾಕ್ ಹೋಲ್ ಎಂಎಲ್‌ಸಿ ಬೆನ್ನಿಗೆ, ಭುಜಕ್ಕೆ, ಕೈಗೆ ಮೂರೂ ರೀತಿಯಲ್ಲಿ ಒಯ್ಯಬಹುದಾದ ಚೀಲ. ಕೈಯಲ್ಲಿ ಹಿಡಿದು ಸ್ವಲ್ಪ ದೂರ ನಡೆಯುವವರಿಗೆ ಇದು ಚಂದ, ದಿನಕ್ಕೆ ಗಂಟೆಗಟ್ಟಲೆ ಹೊರುವವರಿಗೆ ಅಲ್ಲ.

ಹಗುರವೇ ಮುಖ್ಯ ಎನ್ನುವವರಿಗೆ ಒಂದು ಕಿಲೋ ಒಳಗಿನ ಟ್ರೆಕ್ಕಿಂಗ್ ಚೀಲಗಳು ಇವೆ. ಇವನ್ನು ಎಷ್ಟೋ ಮಂದಿ ಮನೆಯಲ್ಲಿ ಈಗಾಗಲೇ ಇಟ್ಟುಕೊಂಡಿರುತ್ತಾರೆ. 7 ಕಿಲೋ ಮಿತಿಗೆ ಇವು ಸಹಜವಾಗಿ ಹೊಂದುತ್ತವೆ, ಬೆಟ್ಟದ ದಾರಿಯೂ ಪ್ರವಾಸದಲ್ಲಿದ್ದರೆ ಎರಡನೆಯ ಚೀಲ ಬೇಕಾಗುವುದಿಲ್ಲ. ಆದರೆ ಇಲ್ಲೊಂದು ಬಲೆಯಿದೆ. ಟ್ರೆಕ್ಕಿಂಗ್ ಚೀಲಗಳು ಕಿರಿದಾಗಿ ಉದ್ದವಾಗಿರುತ್ತವೆ. 40 ಲೀಟರಿನ ಟ್ರೆಕ್ಕಿಂಗ್ ಚೀಲ ಹಲವು ಬಾರಿ 60 ಸೆಂ.ಮೀ. ಮೀರುತ್ತದೆ. ಲೀಟರ್ ಒಂದೇ ಆಗಿದ್ದರೂ ಪ್ರವಾಸಿ ಚೀಲ ಒಳಗೆ ಹೋಗುತ್ತದೆ, ಟ್ರೆಕ್ಕಿಂಗ್ ಚೀಲ ವಿಮಾನ ನಿಲ್ದಾಣದಲ್ಲಿ ಚೀಲವನ್ನು ಇಳಿಸಿ ನೋಡುವ ಅಳತೆಯ ಪಂಜರದ ಹೊರಗೆ ತಲೆ ಎತ್ತಿ ನಿಲ್ಲುತ್ತದೆ. ಮೇಲ್ಭಾಗ ಮೆತ್ತಗಿದ್ದು ಮಡಿಸಲು ಬರುವಂತಿದ್ದರೆ ಪರವಾಗಿಲ್ಲ; ಬೆನ್ನಿನ ಸರಿಗೆಯೇ 58 ಸೆಂ.ಮೀ. ಇದ್ದರೆ ಮಾಡುವಂಥದ್ದೇನೂ ಇಲ್ಲ. ಕೊಳ್ಳುವ ಮೊದಲು ಅಳೆಯಬೇಕಾದದ್ದು ಬಟ್ಟೆಯನ್ನಲ್ಲ, ಆ ಸರಿಗೆಯನ್ನು. ಇಂಥ ಚೀಲದಲ್ಲಿ ಲ್ಯಾಪ್‌ಟಾಪಿಗೆ ಮೆತ್ತೆಯ ಜಾಗವೂ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಬೇರೆ ಕವಚ ಬೇಕು.

ಇನ್ನು 26ರಿಂದ 30 ಲೀಟರಿನ ಚಿಕ್ಕ ಚೀಲ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಲವು ವಾರದ ಪ್ರವಾಸ ಎಂದ ಕೂಡಲೇ ಬಹಳ ಜನ ಇದನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ. 45×36×20 ಸೆಂ.ಮೀ. ಅಳತೆಯ ಪೆಟ್ಟಿಗೆಯ ಒಳಜಾಗ 32 ಲೀಟರಿಗೆ ತುಸು ಹೆಚ್ಚು; ಅಂದರೆ 28 ಲೀಟರಿನ ಮೆತ್ತನೆಯ ಚೀಲವೊಂದು ಸೀಟಿನ ಅಡಿಗೆ ಹೋಗಬಲ್ಲದು, ಕ್ಯಾಬಿನ್ ಬ್ಯಾಗಿಗೆ ಪ್ರತಿ ಸಲವೂ ಶುಲ್ಕ ಪಡೆಯುವ ಕಂಪನಿಗಳಲ್ಲಿ ಆ ಶುಲ್ಕ ಉಳಿಯುತ್ತದೆ. ಒಂದು ತಿಂಗಳಲ್ಲಿ ಆರೇಳು ಅಗ್ಗದ ವಿಮಾನ ಹತ್ತುವವರಿಗೆ ಉಳಿಯುವ ಈ ಹಣ ಚೀಲದ ಬೆಲೆಯನ್ನೇ ಮೀರಬಹುದು. ಊರು ತಲುಪಿದ ಮೇಲೆ ಅದೇ ದಿನದ ಓಡಾಟದ ಚೀಲವೂ ಆಗುತ್ತದೆ. 40 ಲೀಟರಿನದನ್ನು ಬೆನ್ನಿಗೇರಿಸಿ ವಸ್ತುಸಂಗ್ರಹಾಲಯ ನೋಡಲು ಆಗದು, ಅದಕ್ಕೊಂದು ಮಡಚುವ ಸಣ್ಣ ಚೀಲವನ್ನು ಜೊತೆಗೆ ಒಯ್ಯಬೇಕು. ಇಷ್ಟೆಲ್ಲ ಲಾಭಕ್ಕೆ ಎದುರಾಗಿ ನಿಲ್ಲುವುದು ಶಿಸ್ತು: ಬಟ್ಟೆ ಮೂರು ನಾಲ್ಕು ಜೊತೆ ಮಾತ್ರ, ಮೂರು ದಿನಕ್ಕೊಮ್ಮೆ ಒಗೆತ, ಒಂದೇ ಜೊತೆ ಪಾದರಕ್ಷೆ. ಬೇಗ ಒಣಗುವ ಪಾಲಿಯೆಸ್ಟರ್ ಮಿಶ್ರಣದ ಬಟ್ಟೆ, ವಾಸನೆ ಹಿಡಿಯದ ಮೆರಿನೋ ಉಣ್ಣೆಯ ಬಟ್ಟೆ ಇಲ್ಲಿ ನೆರವಾಗುತ್ತವೆ. ಮೆರಿನೋ ಒಣಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಬೇಗ ಸವೆಯುತ್ತದೆ, ಬೆಲೆಯೂ ಹೆಚ್ಚು. ಚಳಿಯ ನಾಡಿಗೂ ಸೆಕೆಯ ನಾಡಿಗೂ ಒಂದೇ ಸುತ್ತಿನಲ್ಲಿ ಹೋಗುವವರಿಗೆ, ಸಮಾರಂಭದ ಉಡುಪು ಒಯ್ಯಲೇಬೇಕಾದವರಿಗೆ, ಪುಟ್ಟ ಮಕ್ಕಳ ಸಾಮಾನನ್ನೂ ಹೊರುವ ತಂದೆತಾಯಿಯರಿಗೆ ಇದು ಸಾಲದು. ಒಬ್ಬರೇ ಹೋಗುವ, ಹವೆ ಒಂದೇ ಇರುವ ಪ್ರವಾಸಕ್ಕೆ ಸಾಕು. ಹಲವರು ಊಹಿಸುವುದಕ್ಕಿಂತ ಚೆನ್ನಾಗಿಯೇ ಸಾಕು.

ಚಕ್ರದ ಸೂಟ್‌ಕೇಸಿನ ಮಾತನ್ನೂ ಇಲ್ಲಿಯೇ ಮುಗಿಸಬಹುದು. ಬೆನ್ನುನೋವು ಇದ್ದವರು, ಸಪಾಟಾದ ನೆಲದ ನಗರಗಳಲ್ಲೇ ತಿರುಗುವವರು ಬೆನ್ನುಚೀಲವನ್ನು ಕೊಳ್ಳಲೇಬೇಕೆಂದೇನೂ ಇಲ್ಲ. ಆದರೆ ಚಕ್ರ ಮತ್ತು ಎಳೆಯುವ ಹಿಡಿ ಇರುವ ಕ್ಯಾಬಿನ್ ಸೂಟ್‌ಕೇಸ್ ಖಾಲಿಯಾಗಿಯೇ 2ರಿಂದ 3 ಕಿಲೋ ತೂಗುತ್ತದೆ. ಚಕ್ರವೂ ಇದ್ದು ಬೆನ್ನಿಗೂ ಏರಿಸಬಹುದಾದ ಎರಡೂ ಬಗೆಯ ಚೀಲ ಈ ತೂಕವನ್ನು ಬೆನ್ನ ಮೇಲೆ ತರುತ್ತದೆ, ಚಕ್ರದ ಗೂಡು ಸೊಂಟಕ್ಕೆ ಚುಚ್ಚುತ್ತದೆ; ಅದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ಹಣವನ್ನು ಎಲ್ಲಿ ಹಾಕಬೇಕು

ಬೆಲೆ ಏರಿದಂತೆ ಸಿಗುವುದೆಲ್ಲ ಒಂದೇ ತೂಕದ ಲಾಭವಲ್ಲ. ಅತಿ ಅಗ್ಗದ ಚೀಲದಿಂದ ಮಧ್ಯಮ ಬೆಲೆಯದಕ್ಕೆ ಏರಿದಾಗ ಸಿಗುವುದು ಗಟ್ಟಿ ಜಿಪ್, ಸರಿಯಾದ ಸೊಂಟಪಟ್ಟಿ, ಬಾಳುವ ಹೊಲಿಗೆ. ಇವು ಹಣಕ್ಕೆ ತಕ್ಕ ಬೆಲೆಯುಳ್ಳವು. ಮಧ್ಯಮದಿಂದ ದುಬಾರಿಗೆ ಏರಿದಾಗ ಸಿಗುವುದು ಬಹುಪಾಲು ರೂಪ, ವಿಂಗಡಣೆ, ಬಟ್ಟೆಯ ಹೆಸರು. ವರ್ಷಕ್ಕೊಮ್ಮೆ ಪ್ರವಾಸ ಹೋಗುವವರಿಗೆ ಈ ಎರಡನೆಯ ಏರಿಕೆ ಅಗತ್ಯವಿಲ್ಲ. ಚೀಲವೇ ಮನೆಯಂತಾಗಿ ತಿಂಗಳುಗಟ್ಟಲೆ ಅದರಿಂದಲೇ ಬದುಕುವವರಿಗೆ, ದಿನಕ್ಕೆ ಹತ್ತು ಸಲ ಕೈಹಾಕುವ ಜೇಬು ಸರಿಯಾದ ಜಾಗದಲ್ಲಿರುವುದು ಅಷ್ಟು ಹಣಕ್ಕೂ ತೂಗಬಹುದು.

ಕೈ ಬಿಗಿಯಿದ್ದಾಗ ಎರಡು ದಾರಿಗಳಿವೆ. ಒಂದು, ಡೆಕಾಥ್ಲಾನ್‌ನಂತಹ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುವ ಪ್ರವಾಸಿ ಚೀಲಗಳು. ಇವು ಹೆಸರಾಂತ ಚೀಲಗಳ ಮುಖ್ಯ ಗುಣಗಳನ್ನು ಕಡಿಮೆ ಬೆಲೆಗೆ ಕೊಡುತ್ತವೆ. ಇನ್ನೊಂದು, ಒಳ್ಳೆಯ ಚೀಲವನ್ನೇ ಬಳಸಿದ ಸ್ಥಿತಿಯಲ್ಲಿ ಕೊಳ್ಳುವುದು. ಹಾಗೆ ಕೊಳ್ಳುವಾಗ ಹೊರಗಿನ ಕಲೆಗಳನ್ನು ಲೆಕ್ಕಿಸದೆ ಒಳಭಾಗವನ್ನು ಮುಟ್ಟಿ ನೋಡಬೇಕು: ಬಟ್ಟೆಗೆ ನೀರು ತಡೆಯಲೆಂದು ಬಳಿದ ಪಾಲಿಯುರೆಥೇನ್ ಪದರ ತೇವ ಮತ್ತು ಸೆಕೆಯಲ್ಲಿ ವರ್ಷಗಳ ಕಾಲ ಇದ್ದರೆ ಅಂಟಂಟಾಗಿ, ಆಮೇಲೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಅದನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಜಿಪ್ಪಿನ ಎಳೆಯುವ ತುಂಡು ಸವೆದಿದ್ದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು. ಹಲ್ಲುಗಳೇ ಕಿತ್ತಿದ್ದರೆ ಬಿಟ್ಟುಬಿಡುವುದು ಒಳ್ಳೆಯದು.

ಯಾರಿಗೆ ಯಾವುದು

ಟಿಕೆಟ್ಟುಗಳಲ್ಲಿ ಒಂದಾದರೂ 7 ಕಿಲೋ ಮಿತಿಯದಿದ್ದರೆ ಖಾಲಿ ತೂಕ ಒಂದೂವರೆ ಕಿಲೋ ದಾಟದ, 35 ಲೀಟರ್ ಆಸುಪಾಸಿನ ಚೀಲವನ್ನೇ ನೋಡಬೇಕು. ಲ್ಯಾಪ್‌ಟಾಪ್ ಒಯ್ಯುವುದಿದ್ದರೆ ಒಂದು ಕಿಲೋ ಒಳಗಿನದನ್ನು. ಟಿಕೆಟ್ಟುಗಳೆಲ್ಲ ತೂಕ ನೋಡದ ಕಂಪನಿಗಳದ್ದಾಗಿದ್ದು ಕೆಲಸವನ್ನೂ ಜೊತೆಗೆ ಒಯ್ಯುವವರು ಎರಡನೆಯ ಗುಂಪಿನ ಭಾರದ ಚೀಲಗಳನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ನಡಿಗೆಯೇ ಹೆಚ್ಚಿರುವವರಿಗೆ, ಒಟ್ಟು ಹೊರೆ 8 ಕಿಲೋ ಮೀರುವುದಿದ್ದರೆ, ಸೊಂಟಪಟ್ಟಿ ಮತ್ತು ಚೌಕಟ್ಟು ಇಲ್ಲದ ಯಾವ ಚೀಲವೂ ಬೇಡ, ಅದು ಎಷ್ಟೇ ಹಗುರವಿದ್ದರೂ. ಅಗ್ಗದ ವಿಮಾನಗಳನ್ನೇ ನಂಬಿದವರು 28 ಲೀಟರಿನದನ್ನು ಮೊದಲು ಪ್ರಯತ್ನಿಸಲಿ. ದಂಪತಿಗಳಾಗಿ ಹೋಗುವವರು ಇಬ್ಬರೂ 40 ಲೀಟರಿನದನ್ನೇ ಕೊಳ್ಳುವ ಬದಲು ಒಂದು 40, ಒಂದು 28 ಎಂದು ಹಂಚಿಕೊಂಡರೆ ಚಾರ್ಜರ್, ಔಷಧಿ, ಸ್ನಾನದ ಸಾಮಾನು ಒಂದೇ ಕಡೆ ಸೇರಿ ಒಟ್ಟು ಹೊರೆ ಇಳಿಯುತ್ತದೆ, ಚಿಕ್ಕದು ಇಬ್ಬರಿಗೂ ದಿನದ ಚೀಲವಾಗುತ್ತದೆ.

ಎರಡು ಚೀಲಗಳ ನಡುವೆ ಇನ್ನೂ ತೀರ್ಮಾನವಾಗದಿದ್ದರೆ, ಹಿಂತಿರುಗಿಸಲು ಅವಕಾಶವಿರುವ ಕಡೆಯಿಂದ ಕೊಂಡು, ಬೆಲೆಚೀಟಿಯನ್ನು ಕೀಳದೆ ಮನೆಯಲ್ಲೇ ಪರೀಕ್ಷಿಸಬೇಕು. ಒಯ್ಯಲಿರುವ ವಸ್ತುಗಳನ್ನೇ ತುಂಬಿ, ತೂಗುವ ಯಂತ್ರದ ಮೇಲೆ ಮೊದಲು ನೀವು ನಿಂತು, ಆಮೇಲೆ ಚೀಲ ಹೊತ್ತು ನಿಂತು ವ್ಯತ್ಯಾಸವನ್ನು ಬರೆದುಕೊಳ್ಳಿ. ಚೀಲವನ್ನು ಗೋಡೆಗೆ ಒರಗಿಸಿ, ಅತಿ ಉಬ್ಬಿದ ಜಾಗದಲ್ಲಿ ದಪ್ಪವನ್ನು ಅಳೆಯಿರಿ. ಸೊಂಟಪಟ್ಟಿ ಬಿಗಿದು, ಭುಜಪಟ್ಟಿ ಸಡಿಲಿಸಿ, ಮನೆಯೊಳಗೆ ಮೆಟ್ಟಿಲು ಹತ್ತಿಳಿಯುತ್ತ ಅರ್ಧ ಗಂಟೆ ಇರಿ. ಮೊದಲ ಐದು ನಿಮಿಷದಲ್ಲಿ ಎಲ್ಲ ಚೀಲಗಳೂ ಹಿತವೇ, ನೋವು ತೋರುವುದು ಇಪ್ಪತ್ತು ನಿಮಿಷ ಕಳೆದ ಮೇಲೆ. ಕೊನೆಗೆ, ತಳದಲ್ಲಿಟ್ಟ ಒಂದು ವಸ್ತುವನ್ನೂ ಪವರ್ ಬ್ಯಾಂಕನ್ನೂ ಚೀಲವನ್ನು ಪೂರ್ತಿ ಬಿಚ್ಚದೆ ತೆಗೆಯಲು ಆಗುತ್ತದೆಯೇ ನೋಡಿ. ಇಷ್ಟರಲ್ಲಿ ಎರಡೂ ಚೀಲಗಳು ಸಮವಾಗಿ ನಿಂತರೆ ಹಗುರವಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂತಿರುಗಿಸಬಹುದು.